ಅಪ್ಪ ಹಾಕಿದ ಪ್ಯಾಕಿಂಗ್

ಪೆಟ್ರೋಲಿನ ವಾಸನೆ ಇಷ್ಟ ಅನ್ನುವ ಜನ ಇದ್ದಾರೆ. ಬಂಕಿಗೆ ಬಂದ ಕೂಡಲೇ ಕಾರಿನ ಗ್ಲಾಸು ಇಳಿಸಿ, ಕಣ್ಣು ಮುಚ್ಚಿ, ಮೂಗು ಅರಳಿಸಿಕೊಂಡು ಕೂತುಬಿಡುತ್ತಾರೆ. ಅಂಥವರ ಪಕ್ಕ ಕೂತು ಪ್ರಯಾಣ ಮಾಡುವ ಕರ್ಮ ನನಗೆ ಎಷ್ಟೋ ಸಲ ಬಂದಿದೆ. ನನಗಾದರೋ ಆ ವಾಸನೆ ಮೂಗಿಗೆ ತಾಗಿದ್ದೇ ಬಾಯಲ್ಲಿ ಕುಚ್ಚಲಕ್ಕಿ ಗಂಜಿಯ ರುಚಿ ಬರುತ್ತದೆ, ಗ್ಲಾಸು ಏರಿಸಿಬಿಡುತ್ತೇನೆ. ನನಗೆ ಹದಿಮೂರು ವರ್ಷವಾಗಿದ್ದಾಗ ಎಂಟು ದಿನ ನಮ್ಮ ಮನೆಯ ಗಂಜಿಗೆ ಪೆಟ್ರೋಲಿನ ವಾಸನೆ ಇತ್ತು. ಅಕ್ಕಿ ತೊಳೆಯುವ ಪಾತ್ರೆಯಲ್ಲಿ ಅಪ್ಪ ಕಾರಿನ ಸಾಮಾನು ತೊಳೆದಿದ್ದರು. ಅಮ್ಮ ಬೂದಿ ಹಾಕಿ ತಿಕ್ಕಿದಳು, ಹುಣಸೆಹುಳಿ ಹಾಕಿ ತಿಕ್ಕಿದಳು, ಬಿಸಿಲಲ್ಲಿ ಕವುಚಿ ಇಟ್ಟಳು. ಹೋಗಲಿಲ್ಲ. ಊಟಕ್ಕೆ ಕೂತಾಗ ನಾನು ಮುಖ ಕಿವುಚಿದರೆ ಅಪ್ಪ ಹೇಳುತ್ತಿದ್ದರು:

"ಎಂತ ಅಷ್ಟು ನಾಜೂಕು? ಒಂದು ತೊಟ್ಟು ಪೆಟ್ರೋಲಿಗೆ ಯಾರೂ ಸಾಯ್ಲಿಕ್ಕಿಲ್ಲ. ಸುಮ್ಮನೆ ಉಣ್ಣು."

ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಆದರೆ ಗದರಿಸುವಾಗ ಮಾತ್ರ ಅಪ್ಪನಿಗೆ ಶಾಲೆಯ ಕನ್ನಡವೇ ಬರುತ್ತಿತ್ತು. ಅವರು ವೇಣೂರಿನ ಹತ್ತಿರದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನದ ಮಾಸ್ಟ್ರು. ಊರಿಡೀ ಅವರ ಕೈಯಿಂದ ಪೆಟ್ಟು ತಿಂದವರೇ. ಬಸ್ಸಿನ ಕಂಡಕ್ಟರು, ದಿನಸಿ ಅಂಗಡಿಯವರು, ಹಾಲಿನ ಡೈರಿಯಲ್ಲಿ ಬರೆದುಕೊಳ್ಳುವವರು, ಎಲ್ಲರೂ ಅವರನ್ನು ಕಂಡರೆ ಬೀಡಿ ಹಿಂದೆ ಹಿಡಿಯುತ್ತಿದ್ದರು. ಆ ಭಯವನ್ನು ಅಪ್ಪ ಮರ್ಯಾದೆ ಅಂತ ತಿಳಿದುಕೊಂಡಿದ್ದರು. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ.

ನಮ್ಮದು ಬಾಡಿಗೆ ಮನೆ. ಒಂದು ಚಾವಡಿ, ಒಂದು ಕೋಣೆ, ಒಂದು ಅಡುಗೆಕೋಣೆ, ಹಿಂದೆ ತಗಡಿನ ಬಚ್ಚಲು. ಇಷ್ಟು ಸಣ್ಣ ಮನೆಯ ಅಂಗಳದಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು, ನಮ್ಮ ಚಾವಡಿಗಿಂತ ಅದೇ ದೊಡ್ಡದು. ಮೂಡುಬಿದಿರೆಯಲ್ಲಿ ಯಾರೋ ಮುದುಕರು ಮಾರಿದ್ದನ್ನು ಅಪ್ಪ ತಂದಿದ್ದರು. ಅದು ಬಂದ ಮೇಲೆ ಅಮ್ಮನಿಗೆ ಬಟ್ಟೆ ಒಣಗಿಸಲು ಜಾಗ ಇಲ್ಲದಾಯಿತು. ಕಾರಿನ ಮೇಲೆ ಒಣಗಿಸುವಂತಿಲ್ಲ, ಬಣ್ಣ ಹೋಗುತ್ತದೆ. ಕಾರಿನ ಪಕ್ಕ ಒಣಗಿಸುವಂತಿಲ್ಲ, ನೋಡಿದವರು ಎಂತ ಹೇಳುತ್ತಾರೆ. ಕೊನೆಗೆ ನಮ್ಮ ಬಟ್ಟೆಯೆಲ್ಲ ಬಚ್ಚಲಿನ ಹೊಗೆಯಲ್ಲಿ ಒಣಗಿ, ನಾವು ಮೂವರೂ ಸುಟ್ಟ ಸೌದೆಯ ವಾಸನೆ ಹೊತ್ತುಕೊಂಡು ತಿರುಗುತ್ತಿದ್ದೆವು. ಕಾರು ಮಾತ್ರ ಫಳಫಳ ಹೊಳೆಯುತ್ತಿತ್ತು.

ಇನ್ನು ಅಮ್ಮನ ವಿಷಯ. ಅಮ್ಮ ಎಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾಗಿದ್ದಳು. ಮತ್ತೆ ಕಟ್ಟುವ ಮೊದಲೇ ಮದುವೆ ಮಾಡಿಬಿಟ್ಟರು. ಗಣಿತದ ಮಾಸ್ಟ್ರ ಹೆಂಡತಿ ಗಣಿತದಲ್ಲಿ ಫೇಲು ಅನ್ನುವುದು ಅಪ್ಪನಿಗೆ ಮೈಮೇಲೆ ತೊನ್ನು ಬಂದಷ್ಟು ನಾಚಿಕೆಯ ಸಂಗತಿಯಾಗಿತ್ತು. ಯಾರಾದರೂ ಕೇಳಿದರೆ, "ಅವಳು ಪಿಯುಸಿಗೆ ಹೋಗ್ಲಿಲ್ಲ" ಅಂತ ಹೇಳಿ ಮಾತು ತಿರುಗಿಸುತ್ತಿದ್ದರು. ಆ ವರ್ಷ ನಮ್ಮ ಮನೆಯ ಹತ್ತಿರವೇ ಒಂದು ಅಂಗನವಾಡಿ ತೆರೆಯುವುದೆಂದು ಆಯಿತು. ಕಾರ್ಯಕರ್ತೆಯ ಕೆಲಸಕ್ಕೆ ಎಸ್ಸೆಲ್ಸಿ ಪಾಸಾದ ಅದೇ ಊರಿನ ಹೆಂಗಸು ಬೇಕು. ಮೇ ತಿಂಗಳಲ್ಲಿ ಆಯ್ಕೆ. ಅಮ್ಮನಿಗೆ ಮೂವತ್ತಮೂರು ವರ್ಷ. ಒಂದು ಗಣಿತ ಪಾಸಾದರೆ ಸಾಕು, ಅವಳಿಗೂ ಬೆಳಿಗ್ಗೆ ಸೀರೆ ಉಟ್ಟು ಹೊರಗೆ ಹೋಗಲಿಕ್ಕೆ ಒಂದು ಜಾಗ ಉಂಟು. ಅವಳು ಅಪ್ಪನನ್ನು ಕೇಳದೆಯೇ ಮಾರ್ಚಿನ ಪರೀಕ್ಷೆಗೆ ಫಾರ್ಮು ತುಂಬಿಸಿದಳು. ಸೆಂಟರ್ ಮೂಡುಬಿದಿರೆಯಲ್ಲಿ ಸಿಕ್ಕಿತು.

ಅಪ್ಪ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಬಾಯಿ ತೆರೆದು ಹೇಳಿದ್ದು ಇದು:

"ಬರೆಯುವುದಾದರೆ ಬರಿ. ಬಸ್ಸಿನಲ್ಲಿ ಮಾತ್ರ ಹೋಗ್ಬೇಡ. ಹಾಲ್ ಟಿಕೆಟ್ ಹಿಡ್ಕೊಂಡು ಮಕ್ಕಳೊಟ್ಟಿಗೆ ನೇತಾಡಿಕೊಂಡು ಹೋದ್ರೆ ನಾನು ಶಾಲೆಯಲ್ಲಿ ತಲೆ ಎತ್ತಲಿಕ್ಕುಂಟಾ? ಕಾರಿನಲ್ಲಿ ಕರ್ಕೊಂಡು ಹೋಗ್ತೇನೆ."

ಅಮ್ಮ ಅದನ್ನು ಒಪ್ಪಿಗೆ ಅಂತಲೇ ತೆಗೆದುಕೊಂಡಳು. ಗಣಿತ ಹೇಳಿಕೊಡಿ ಅಂತ ಒಂದೇ ಒಂದು ಸಲ ಕೇಳಿದಳು. "ಇವತ್ತು ಪುರುಸೊತ್ತಿಲ್ಲ" ಅಂದರು. ಊರಿನ ಮಕ್ಕಳಿಗೆಲ್ಲ ಬಡಿದು ಬಡಿದು ಗಣಿತ ತುಂಬಿಸಿದ ಮನುಷ್ಯನಿಗೆ ಹೆಂಡತಿಯ ಹತ್ತಿರ ಅರ್ಧ ಗಂಟೆ ಕೂರಲು ಪುರುಸೊತ್ತಿಲ್ಲ. ಈಗ ನೆನೆಸಿದರೂ ಥೂ ಅನ್ನಿಸುತ್ತದೆ. ಅಮ್ಮ ಗೈಡು ತಂದು ತಾನೇ ಕಲಿತಳು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅಡುಗೆಕೋಣೆಯ ಮೇಜಿನಲ್ಲಿ ಕೂತು ಲೆಕ್ಕ ಮಾಡುವಳು, ನಾನು ಗೈಡಿನ ಹಿಂದಿನ ಪುಟ ನೋಡಿ ಉತ್ತರ ಸರಿಯೋ ತಪ್ಪೋ ಹೇಳುವವಳು. ಮನೆಯಲ್ಲಿ ಇದ್ದದ್ದು ಅದೊಂದೇ ಮೇಜು.

ಪರೀಕ್ಷೆಗೆ ಹತ್ತು ದಿನ ಇರುವಾಗ ಕಾರು ಹಟ ಹಿಡಿಯಿತು. ಸ್ಟಾರ್ಟ್ ಮಾಡಿ ಬಿಟ್ಟರೆ ಸುಮ್ಮನೆ ನಿಲ್ಲದೆ ಕೂಗಾಡುವುದು, ನಿಧಾನ ಮಾಡಿದರೆ ಸತ್ತೇಹೋಗುವುದು, ಒಳಗಿನಿಂದ ಸುಂಯ್ ಅಂತ ಒಂದು ಸದ್ದು. ಅಪ್ಪ ಅದನ್ನು ವೇಣೂರು ಪೇಟೆಯ ಇದಿನಬ್ಬನ ಗ್ಯಾರೇಜಿಗೆ ಓಡಿಸಿದರು. ನಾನೂ ಹಿಂದೆ ಕೂತಿದ್ದೆ. ಇದಿನಬ್ಬ ಸಣ್ಣ ಪ್ರಾಯದ ಬ್ಯಾರಿ ಮುಸಲ್ಮಾನ, ಅಪ್ಪನ ಶಿಷ್ಯನೇ, ಏಳನೇ ಕ್ಲಾಸಿನಲ್ಲಿ ಅಪ್ಪನೇ ಫೇಲ್ ಮಾಡಿದ್ದ ಹುಡುಗ. ಅವನು ಬಾನೆಟ್ ಎತ್ತಿ, ಒಂದು ಮಗ್ಗಿನಲ್ಲಿ ಸಾಬೂನು ನೀರು ಕಲಸಿ, ಇಂಜಿನಿಗೆ ಗಾಳಿ ಪೆಟ್ರೋಲು ಹೋಗುವ ಕೊಳವೆಯ ಬುಡಕ್ಕೆ ಹೊಯ್ದ. ನೊರೆ ಒಳಕ್ಕೆ ಎಳೆದುಕೊಂಡು ಹೋಯಿತು, ಇಂಜಿನಿನ ಕೂಗು ಒಮ್ಮೆ ತಗ್ಗಿತು.

"ಪ್ಯಾಕಿಂಗ್ ಹೋಗಿದೆ ಮಾಸ್ಟ್ರೇ. ಗಾಳಿ ಎಳೀತಾ ಉಂಟು. ಇಲ್ಲಿಯೇ ಬಿಟ್ಟು ಹೋಗಿ. ಮಂಗಳೂರಿಂದ ಒರಿಜಿನಲ್ ತರಿಸ್ತೇನೆ, ನಾಡಿದ್ದು ಸಂಜೆಗೆ ಓಡಿಸಿಕೊಂಡು ಹೋಗಬಹುದು."

ಎಷ್ಟು ಸರಳ! ಇಂಜಿನಿಗೂ ಆ ಕೊಳವೆಗೂ ನಡುವೆ ಕೂರುವ ಒಂದು ತೆಳ್ಳಗಿನ ಹಾಳೆ, ಪುಸ್ತಕದಲ್ಲಿ ಗ್ಯಾಸ್ಕೆಟ್, ಗ್ಯಾರೇಜಿನಲ್ಲಿ ಪ್ಯಾಕಿಂಗ್. ಅದನ್ನು ಬದಲಿಸಿದರೆ ಮುಗಿಯಿತು. ಆದರೆ ಇದಿನಬ್ಬ ಬಾಯಿ ತಪ್ಪಿ ಇನ್ನೂ ಒಂದು ಮಾತು ಸೇರಿಸಿದ:

"ಇದು ವಿಜ್ಞಾನವೇ ಅಲ್ವಾ ಮಾಸ್ಟ್ರೇ, ನೀವು ನಮಗೆ ಗಾಳಿಯ ಒತ್ತಡ ಅಂತ ಪಾಠ ಮಾಡಿದ್ದು."

ಅವನು ಪ್ರೀತಿಯಿಂದಲೇ ಹೇಳಿದ್ದು. ಅವನ ಮುಖ ನನಗೆ ಈಗಲೂ ಕಾಣುತ್ತದೆ, ಅದರಲ್ಲಿ ಕುಹಕ ಇರಲಿಲ್ಲ. ಆದರೆ ಬೆಂಚಿನಲ್ಲಿ ಕೂತಿದ್ದ ಇಬ್ಬರು ನಕ್ಕರು. ಅಪ್ಪ ಬಾನೆಟ್ ಧಡಾರನೆ ಹಾಕಿ ಕಾರು ತಿರುಗಿಸಿದರು. ದಾರಿಯಲ್ಲಿ ಅದು ಮೂರು ಸಲ ಸತ್ತಿತು. ಮನೆ ಮುಟ್ಟಿದ ಮೇಲೆ ಅಂಗಳದಲ್ಲಿ ನಿಂತು ಅಮ್ಮನಿಗೆ ಹೇಳಿದರು:

"ನಾನು ಫೇಲ್ ಮಾಡಿದವನ ಹತ್ತಿರ ನನ್ನ ಕಾರು ಬಿಡುವುದಾ? ಅದು ಎಂತ ದೊಡ್ಡ ಬ್ರಹ್ಮವಿದ್ಯೆಯಾ? ನಾನೇ ಬಿಚ್ಚಿ ಹಾಕ್ತೇನೆ."

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಹೊಲಸು. ಅಪ್ಪ ಶಾಲೆಯಿಂದ ಬಂದವರೇ ಪಂಚೆ ಎತ್ತಿ ಕಟ್ಟಿ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸುವರು. ಬಿಚ್ಚಿದ ಒಂದೊಂದು ಸಾಮಾನೂ ಮನೆಯೊಳಗೆ ಬರುವುದು. ನಟ್ಟುಗಳೆಲ್ಲ ನಾವು ಕಾಫಿ ಕುಡಿಯುವ ಸ್ಟೀಲಿನ ಲೋಟಗಳಲ್ಲಿ. ಕಾರ್ಬೊರೇಟರು ಅಮ್ಮನ ಮೇಜಿನ ಮೇಲೆ, ಗೈಡಿನ ಮೇಲೆಯೇ. ಅದರಿಂದ ಸೋರಿದ್ದು ತ್ರಿಕೋನಮಿತಿಯ ಪಾಠಕ್ಕೆ ಪೂರ್ತಿ ಇಳಿದು ಅಕ್ಷರ ಹಿಂದೆ ಮುಂದೆ ಒಂದಾಯಿತು. ಹಳೆಯ ಪ್ಯಾಕಿಂಗ್ ಕರಟಿ, ಕಬ್ಬಿಣಕ್ಕೆ ಕಚ್ಚಿಕೊಂಡು ಕೂತಿತ್ತು. ಅದನ್ನು ಕೆರೆಯಲಿಕ್ಕೆ ಮೀನು ಹೆಚ್ಚುವ ಚೂರಿ. ಉಜ್ಜಲಿಕ್ಕೆ ನನ್ನ ಹಲ್ಲುಜ್ಜುವ ಬ್ರಶ್ಶು! ಬೆಳಿಗ್ಗೆ ಅರೆನಿದ್ದೆಯಲ್ಲಿ ಅದೇ ಬ್ರಶ್ಶು ಬಾಯಿಗೆ ಇಟ್ಟವಳು ನಾನು. ನಾಲಿಗೆಗೆ ತಾಗಿದ್ದು ಎಂತದೆಂದು ಗೊತ್ತಾಗುವ ಮೊದಲೇ ವಾಂತಿ ಬಂತು. ಕೊಳವೆಯನ್ನು ಬಚ್ಚಲಿನ ಹಂಡೆಯ ಬಿಸಿನೀರಿನಲ್ಲಿ ಮುಳುಗಿಸಿದರು, ಆಮೇಲೆ ಎರಡು ದಿನ ಸ್ನಾನ ಮಾಡಿದ ಮೈ ಜಿಡ್ಡುಜಿಡ್ಡು. ಕೊಳೆಯೆಲ್ಲ ಒರೆಸಿದ್ದು ಅಮ್ಮನ ಹಳೆಯ ರವಕೆಯಲ್ಲಿ. ಅಮ್ಮ ಒಂದು ಕಡೆ ತೊಳೆಯುತ್ತಾ ಬಂದರೆ ಅಪ್ಪ ಇನ್ನೊಂದು ಕಡೆ ಮೆತ್ತುತ್ತಾ ಹೋಗುವರು. ಅವಳು ಲೆಕ್ಕ ಮಾಡಬೇಕಿದ್ದ ಮಧ್ಯಾಹ್ನಗಳೆಲ್ಲ ಹೀಗೆ ಬೂದಿ, ಹುಣಸೆಹುಳಿಗಳಲ್ಲೇ ಹೋದವು.

ಬಿಚ್ಚಿದ್ದಾಯಿತು, ಕೆರೆದದ್ದಾಯಿತು. ಹೊಸ ಪ್ಯಾಕಿಂಗ್ ಎಲ್ಲಿಂದ? ಮಂಗಳೂರಿಗೆ ಹೋದರೆ ಇದಿನಬ್ಬ ಹೇಳಿದ್ದನ್ನು ಕೇಳಿದ ಹಾಗಾಗುತ್ತದೆ. ಆಗ ಅಪ್ಪನಿಗೆ ನೆನಪಾದದ್ದು ಕೊಕ್ಕಡದ ವಾಸು ಮಾವ, ಅಮ್ಮನ ಅಣ್ಣ. ಮಾವ ಅಲ್ಲಿ ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ಕೆಲಸ ಮಾಡುತ್ತಿದ್ದರು. ಅಪ್ಪ ಹೇಳಿಕಳಿಸಿದ್ದಕ್ಕೆ ಎರಡು ರಬ್ಬರ್ ಶೀಟುಗಳನ್ನು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಒಂದು ಬಸ್ಸಿನಿಂದ ಅವರನ್ನು ಇಳಿಸಿಬಿಟ್ಟಿದ್ದರಂತೆ. ಹಸಿ ರಬ್ಬರ್ ಶೀಟಿನ ನಾತ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಗೊತ್ತಿಲ್ಲದವರಿಗೆ ಹೇಗೆ ಹೇಳುವುದು? ಮೊಸರು ಹಳಸಿ, ಅದರಲ್ಲಿ ಒದ್ದೆ ಕಾಲುಚೀಲ ನೆನೆಹಾಕಿದ ಹಾಗೆ. ಅದನ್ನು ಅಪ್ಪ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದರು, ಹೊಗೆ ಹಿಡಿದು ಗಟ್ಟಿಯಾಗಲಿ ಅಂತ. ಅದರ ಕೆಳಗೆ ಗಂಜಿ ಬೇಯುತ್ತಿತ್ತು. ಪೆಟ್ರೋಲಿನ ಗಂಜಿಗೆ ಈಗ ರಬ್ಬರಿನ ಒಗ್ಗರಣೆ.

ವಾಸು ಮಾವ ತಲೆ ಕೆರೆದುಕೊಂಡು ಕೇಳಿದರು:

"ಭಾವ, ಇದು ಇಂಜಿನಿಗೆ ಆಗ್ತದಾ? ಇದನ್ನು ಫ್ಯಾಕ್ಟರಿಯಲ್ಲಿ ಎಂತದೋ ಮಾಡ್ಬೇಕು ಅಂತಾರಲ್ಲ ಮಾರ್ರೆ."

"ಪ್ರಪಂಚದ ಪ್ಯಾಕಿಂಗೆಲ್ಲ ಯಾವುದರಿಂದ ಮಾಡುವುದು? ರಬ್ಬರಿನಿಂದ. ರಬ್ಬರ್ ಎಲ್ಲಿಂದ ಹೋಗುವುದು? ನಿಮ್ಮ ಕೊಕ್ಕಡದಿಂದ. ಮತ್ತೆ ಮಂಗಳೂರಿಗೆ ಯಾಕೆ ಹೋಗ್ಬೇಕು?"

ತರಗತಿಯಲ್ಲಿ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳುವ ಅದೇ ಧಾಟಿ. ನಮ್ಮಲ್ಲಿ ಮಾಸ್ಟ್ರ ಎದುರು ಎರಡನೆಯ ಪ್ರಶ್ನೆ ಕೇಳುವ ಕ್ರಮ ಇಲ್ಲ.

ಈ ಹೊಲಸಿನಲ್ಲಿ ನನ್ನ ಪಾಲೂ ಉಂಟು, ಅದನ್ನು ಬಚ್ಚಿಡುವುದಿಲ್ಲ. ಆ ಪ್ಯಾಕಿಂಗನ್ನು ಕತ್ತರಿಸಿದ್ದು ನಾನು. ಕೊಳವೆಯ ಮುಖದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ತೂತುಗಳ ಅಚ್ಚು ಕಾಗದದ ಮೇಲೆ ಮೂಡುತ್ತದೆ. ಅದನ್ನು ರಬ್ಬರಿನ ಮೇಲೆ ಅಂಟಿಸಿ, ಅಮ್ಮನ ಹೊಲಿಗೆ ಕತ್ತರಿಯಿಂದ ಗೆರೆ ತಪ್ಪದೆ ಕತ್ತರಿಸಿದೆ. ಬೋಲ್ಟಿನ ತೂತುಗಳು ಒಂದು ಕೂದಲೂ ಆಚೀಚೆ ಇಲ್ಲ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಶಹಬ್ಬಾಸ್! ನೀನು ಇಂಜಿನಿಯರ್ ಆಗುವವಳೇ."

ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಬಾಯಲ್ಲಿ ಇನ್ನೂ ಬ್ರಶ್ಶಿನ ಕಹಿ ಇದ್ದರೂ, ಆ ಒಂದು ಮಾತಿಗೆ ನಾಯಿಯ ಹಾಗೆ ಬಾಲ ಆಡಿಸಿದೆ. ನೆನೆಸಿದರೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಪರೀಕ್ಷೆಗೆ ಎರಡು ದಿನ ಇರುವಾಗ ಎಲ್ಲ ಜೋಡಿಸಿ ಬಿಗಿದರು. ಸ್ಟಾರ್ಟ್ ಮಾಡಿದರೆ ಏನಾಶ್ಚರ್ಯ, ಇಂಜಿನ್ ಹೂವಿನ ಹಾಗೆ ಓಡಿತು! ಸುಂಯ್ ಇಲ್ಲ, ಕೂಗಾಟ ಇಲ್ಲ. ಅಪ್ಪ ನನ್ನನ್ನು ಮುಂದೆ ಕೂರಿಸಿ ಪೇಟೆಗೆ ಒಂದು ಸುತ್ತು ಹೊಡೆದರು, ಇದಿನಬ್ಬನ ಗ್ಯಾರೇಜಿನ ಎದುರು ಬೇಕೆಂದೇ ನಿಧಾನ ಮಾಡಿ ಹಾರ್ನ್ ಒತ್ತಿದರು. ಇದಿನಬ್ಬ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನೋಡಿದ.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೋಗುವಾಗ ಅವನು ರಸ್ತೆ ದಾಟಿ ಬಂದ.

"ಮಗಾ, ಅಪ್ಪ ಯಾವ ಪ್ಯಾಕಿಂಗ್ ಹಾಕಿದ್ದು?"

"ರಬ್ಬರ್ ಶೀಟು. ನಾನೇ ಕಟ್ ಮಾಡಿದ್ದು."

ಅವನು ಹಣೆ ಚಚ್ಚಿಕೊಂಡ.

"ಅಯ್ಯೋ, ಹಸಿ ರಬ್ಬರಾ? ಪೆಟ್ರೋಲು ತಾಗಿದ್ರೆ ಅದು ಊದ್ತದೆ ಮಗಾ, ಬಿಸಿಗೆ ಕರಗಿ ಬೆಲ್ಲದ ಪಾಕದ ಹಾಗೆ ಆಗ್ತದೆ. ಒಂದು ಮೈಲು ಎರಡು ಮೈಲು ಓಡೀತು. ದೂರ ಹೋದ್ರೆ ದಾರಿಯಲ್ಲಿ ಬಾಕಿ. ಅಪ್ಪನಿಗೆ ಹೇಳು, ಆಯ್ತಾ? ನಾನು ಹೇಳಿದ್ದು ಅಂತ ಹೇಳ್ಬೇಡ, ನೀನೇ ಹೇಳಿದ ಹಾಗೆ ಹೇಳು."

ಆಯ್ತು ಅಂತ ತಲೆ ಆಡಿಸಿದೆ. ಮನೆಗೆ ಬಂದು ಹೇಳಲಿಲ್ಲ. ಹೆದರಿಕೆಯಿಂದ ಹೇಳಲಿಲ್ಲ ಅಂತ ಬರೆದರೆ ನೀವು ಕ್ಷಮಿಸಿಬಿಡುತ್ತೀರಿ, ಆದರೆ ಅದು ಸುಳ್ಳು. ಹೇಳಿದರೆ ನಾನು ಕತ್ತರಿಸಿದ ಪ್ಯಾಕಿಂಗ್ ಕಸಕ್ಕೆ ಹೋಗುತ್ತಿತ್ತು. ಅದು ಒಂದು. ಇನ್ನೊಂದು, ಕಾರು ಇಲ್ಲದಿದ್ದರೆ ನಾವು ಬಸ್ಸಿನಲ್ಲಿ ಹೋಗಬೇಕಿತ್ತು, ಮೂಡುಬಿದಿರೆಯ ಬಸ್ಸಿನಲ್ಲಿ ನನ್ನ ಶಾಲೆಯ ಹುಡುಗಿಯರು ಇರುತ್ತಿದ್ದರು. ನನ್ನ ಅಮ್ಮ ಎಸ್ಸೆಲ್ಸಿ ಫೇಲು ಅಂತ ಅವರಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಅಪ್ಪನ ಆ ಹಾಳು ಮರ್ಯಾದೆ ಯಾವಾಗ ನನ್ನ ಮೈಗೂ ಅಂಟಿತೋ ಗೊತ್ತಿಲ್ಲ. ಅದೇ ಸಂಜೆ ಅಮ್ಮ ಹೂವು ಕಟ್ಟುತ್ತಾ ಮೆಲ್ಲ ಕೇಳಿದಳು:

"ನಾಳೆ ನಾವಿಬ್ಬರೂ ಬಸ್ಸಿನಲ್ಲೇ ಹೋಗುವನಾ? ನೀನೂ ಹೇಳಿದ್ರೆ ಅಪ್ಪ ಕೇಳಿಯಾರು. ನನಗೆ ಆ ಕಾರಿನ ಮೇಲೆ ಧೈರ್ಯ ಇಲ್ಲ ಮಾರಾಯ್ತಿ."

"ಕಾರು ಸರಿ ಉಂಟಲ್ಲ ಅಮ್ಮ. ಕಾರಲ್ಲೇ ಹೋಗುವ," ಅಂದೆ ನಾನು.

ಮಾರನೆಯ ದಿನ ಅಮ್ಮ ಮದುವೆಗೆ ಉಡುವ ನೀಲಿ ಸೀರೆ ಉಟ್ಟಳು. ಹಾಲ್ ಟಿಕೆಟ್ಟು, ಎರಡು ಪೆನ್ನು, ನನ್ನ ಜ್ಯಾಮಿಟ್ರಿ ಬಾಕ್ಸು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಹತ್ತೂವರೆಗೆ ಪರೀಕ್ಷೆ, ಒಂಬತ್ತಕ್ಕೆ ಹೊರಟೆವು. ಅರ್ಧ ದಾರಿ ಸುಖವಾಗಿಯೇ ಹೋಯಿತು. ಆಮೇಲೆ ಎಲ್ಲಿಂದಲೋ ವಾಸನೆ ಶುರು. ಮೊದಲು ಸುಟ್ಟ ರಬ್ಬರು, ಅದರ ಹಿಂದೆಯೇ ಆ ಹಳಸಿದ ಮೊಸರಿನ ನಾತ, ಬಿಸಿಯಾಗಿ ಹತ್ತು ಪಾಲು ಹೆಚ್ಚಿ ಒಳಗೆ ನುಗ್ಗಿತು. ಒಂದು ಏರಿನಲ್ಲಿ ಕಾರು ಎರಡು ಸಲ ಕೆಮ್ಮಿ, ಗಡಗಡ ನಡುಗಿ ನಿಂತಿತು.

ಅಪ್ಪ ಬಾನೆಟ್ ಎತ್ತಿದರು. ನಾನು ಕತ್ತರಿಸಿದ ಪ್ಯಾಕಿಂಗ್ ಇದ್ದ ಜಾಗದಿಂದ ಕಂದು ಬಣ್ಣದ ಲೋಳೆ ಶೀತವಾದ ಮಗುವಿನ ಸಿಂಬಳದ ಹಾಗೆ ಇಳಿಯುತ್ತಿತ್ತು. ಹೊರಗೆ ಇಳಿದದ್ದಕ್ಕಿಂತ ಇಂಜಿನ್ ಒಳಕ್ಕೆ ಎಳೆದುಕೊಂಡದ್ದೇ ಹೆಚ್ಚಿರಬೇಕು. ಅಪ್ಪ ಅದಕ್ಕೆ ಬೆರಳು ಹಾಕಿದರು. ಬೆರಳು ಎತ್ತಿದರೆ ಅದು ನೂಲು ನೂಲಾಗಿ ಹಿಂದೆ ಬಂತು. ಒರೆಸಲು ಬಟ್ಟೆ ಸಿಗದೆ ರಸ್ತೆ ಬದಿಯ ಮಾವಿನ ಎಲೆಗೆ ಉಜ್ಜಿದರು, ಎಲೆಯೂ ಕೈಗೇ ಅಂಟಿಕೊಂಡಿತು. ಆಗ ಹಿಂದಿನಿಂದ ಮೂಡುಬಿದಿರೆಯ ಬಸ್ಸು ಬಂತು. ಅಮ್ಮ ಕೈ ಎತ್ತಿದಳು. ಅಪ್ಪ ಆ ಎಲೆ ಅಂಟಿದ ಕೈಯಿಂದಲೇ ಅವಳ ಕೈ ಕೆಳಗಿಳಿಸಿದರು.

"ನಿಲ್ಲಿಸ್ಬೇಡ! ಅದರಲ್ಲಿ ಪೂರಾ ನಮ್ಮ ಊರಿನವರೇ ಇದ್ದಾರೆ. ಐದು ನಿಮಿಷ, ಸರಿ ಮಾಡ್ತೇನೆ. ಟೈಮುಂಟು."

ಬಸ್ಸು ಹೋಯಿತು. ಅಪ್ಪ ನಮ್ಮಿಬ್ಬರ ಹತ್ತಿರ ಕಾರು ತಳ್ಳಿಸಿದರು. ಇಳಿಜಾರಿನ ಕಡೆ ತಿರುಗಿಸಿ ತಳ್ಳಿದರೆ ಸ್ಟಾರ್ಟ್ ಆಗುತ್ತದಂತೆ! ಹೆಂಡತಿ ಪರೀಕ್ಷೆಗೆ ಹೊರಟವಳು ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಅಮ್ಮ ಕವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಳ್ಳಿದಳು, ಚಪ್ಪಲಿಯ ಬಾರು ಕಿತ್ತುಹೋಯಿತು. ಕಾರು ನಾವು ಬಂದ ದಿಕ್ಕಿಗೇ ಉರುಳಿ, ಅಲ್ಲಿ ಹೋಗಿ ಮತ್ತೆ ಸತ್ತಿತು. ಹೀಗೆ ಐದು ನಿಮಿಷ ಐದೈದಾಗಿ ಹೋಗಿ ಗಂಟೆ ಹತ್ತೂಕಾಲು ಆಯಿತು. ಮುಂದಿನ ಬಸ್ಸಿನ ಸದ್ದು ಕೇಳಿದಾಗ ಅಮ್ಮ ರಸ್ತೆಯ ನಡುವೆಯೇ ಹೋಗಿ ನಿಂತಳು. ಅಪ್ಪ "ಸುಶೀಲಾ!" ಅಂತ ಕೂಗಿದರು. ಅವಳು ತಿರುಗಿ ನೋಡಲಿಲ್ಲ. ನಾನು ಹಿಂದೆ ಓಡಿ ಹತ್ತಿದೆ.

ಪರೀಕ್ಷೆಯ ಗೇಟು ಮುಟ್ಟುವಾಗ ಹನ್ನೊಂದು ದಾಟಿತ್ತು. ಅರ್ಧ ಗಂಟೆಗಿಂತ ತಡವಾದವರನ್ನು ಬಿಡುವ ಹಾಗಿಲ್ಲ ಅಂದರು ಅಲ್ಲಿದ್ದವರು. ಅಮ್ಮನ ನೀಲಿ ಸೀರೆಯ ಸೆರಗಿಗೆ ಆ ಲೋಳೆ ಮೆತ್ತಿತ್ತು, ಕೆನ್ನೆಗೆ ಮಸಿ, ಒಂದು ಕಾಲು ಬರಿಗಾಲು. ಒಬ್ಬರು ಮೇಡಂ ಕರುಣೆಯಿಂದ ಹೇಳಿದರು:

"ಐದು ನಿಮಿಷ ಮೊದಲು ಬಂದಿದ್ರೂ ಬಿಡ್ತಿದ್ದೆವಮ್ಮ. ಜೂನಿನಲ್ಲಿ ಮತ್ತೆ ಉಂಟಲ್ಲ, ಬರೀರಿ."

ಅಮ್ಮ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಗೇಟಿನ ಹೊರಗೆ ನಳ್ಳಿ ಇತ್ತು, ಅಲ್ಲಿ ಸೆರಗು ಉಜ್ಜಿದಳು. ಉಜ್ಜಿದಷ್ಟೂ ಅದು ಹರಡಿತು. ಆಗ ನನಗೆ ತಡೆಯಲಾಗಲಿಲ್ಲ, ಇದಿನಬ್ಬ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ನಿನ್ನೆಯೇ ಗೊತ್ತಿತ್ತು ಅಂದೆ. ಅಮ್ಮ ಉಜ್ಜುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಒಂದು ಪೆಟ್ಟು ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು.

"ಆಯ್ತು. ಮನೆಗೆ ಹೋಗುವ," ಅಂದಳು ಅಷ್ಟೆ.

ಮುಂದೆ ಏನಾಯಿತೆಂದು ಇಲ್ಲಿಯೇ ಹೇಳಿಬಿಡುತ್ತೇನೆ, ನೀವು ಕಾಯುವುದು ಬೇಡ. ಅಮ್ಮ ಜೂನಿನಲ್ಲಿ ಬರೆದಳು, ಪಾಸಾದಳು. ಆದರೆ ಅಂಗನವಾಡಿಯ ಆಯ್ಕೆ ಮೇ ತಿಂಗಳಲ್ಲಿಯೇ ಮುಗಿದಿತ್ತು. ಆ ಕೆಲಸ ಮೇಲಿನ ಮನೆಯ ಸೊಸೆಗೆ ಹೋಯಿತು, ಅವಳು ಅದನ್ನು ಇಪ್ಪತ್ತು ವರ್ಷ ಚೆನ್ನಾಗಿಯೇ ಮಾಡಿದಳು. ಅಮ್ಮನ ಮಾರ್ಕ್ಸ್ ಕಾರ್ಡು ಪೆಟ್ಟಿಗೆಯಲ್ಲಿಯೇ ಉಳಿಯಿತು. ಅಪ್ಪ ಆ ಬಗ್ಗೆ ತಪ್ಪಾಯಿತು ಅಂತ ಒಂದು ದಿನವೂ ಹೇಳಲಿಲ್ಲ. "ಕೊಕ್ಕಡದ ಮಾಲೇ ಸರಿ ಇಲ್ಲ" ಅಂದರು. ಕಾರನ್ನು ಕೊನೆಗೆ ಇದಿನಬ್ಬನೇ ಎಳೆಸಿಕೊಂಡು ಹೋದ, ಇಂಜಿನಿನ ತಲೆಯ ಭಾಗ ಪೂರ್ತಿ ಬಿಚ್ಚಿ, ಒಳಗೆ ಕಚ್ಚಿಕೊಂಡಿದ್ದ ರಬ್ಬರನ್ನು ವಾಲ್ವು ವಾಲ್ವಿನಿಂದ ಕೆರೆದು, ಮಂಗಳೂರಿನ ಒರಿಜಿನಲ್ ಪ್ಯಾಕಿಂಗ್ ಹಾಕಿ ಕೊಟ್ಟ. ಒಂದು ಕೊಂಕು ಮಾತು ಆಡಲಿಲ್ಲ. ಅಪ್ಪನಿಗಿಂತ ಅವನಿಗೇ ಮಾಸ್ಟ್ರ ಗುಣ ಹೆಚ್ಚು ಇತ್ತು ಅಂತ ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ಜೂನಿನ ಆ ಬೆಳಿಗ್ಗೆ ಮಾತ್ರ ನನಗೆ ಮರೆಯಲಾಗುವುದಿಲ್ಲ. ಅಪ್ಪ ಎಂಟು ಗಂಟೆಗೇ ಕಾರು ತೊಳೆದು, ಸ್ಟಾರ್ಟ್ ಮಾಡಿ, ಹಿಂದಿನ ಬಾಗಿಲು ತೆರೆದು ಇಟ್ಟಿದ್ದರು. ಅಮ್ಮ ಕೊಡೆ ಬಿಡಿಸಿ, ಕಾರಿನ ಪಕ್ಕದಿಂದಲೇ ಹಾದು, ಬಸ್ಸಿನ ದಾರಿ ಹಿಡಿದಳು. ಅಪ್ಪ ಬಾಗಿಲು ಹಿಡಿದುಕೊಂಡೇ ನಿಂತಿದ್ದರು. ನಾನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ ಅಮ್ಮನ ಹಿಂದೆ ಓಡಿದೆ. ಇನ್ನು ಮುಂದೆ ನಾನು ಅಮ್ಮನ ಪಕ್ಷ ಅಂತ ನನಗೇ ನಾನು ಹೇಳಿಕೊಂಡೆ, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಬಸ್ಸು ತುಂಬಿತ್ತು. ಅಮ್ಮನಿಗೆ ಮುಂದೆ ಸೀಟು ಸಿಕ್ಕಿತು. ಅವಳು ಗೈಡು ತೆರೆದುಕೊಂಡು, ಕವರನ್ನು ನನ್ನ ಕೈಗೆ ಕೊಟ್ಟಳು. ನಾನು ಅವಳ ಸೀಟಿನ ಹಿಂದೆಯೇ ಕಂಬ ಹಿಡಿದು ನಿಂತೆ. ಮುಂದಿನ ಸ್ಟಾಪಿನಲ್ಲಿ ನನ್ನ ಕ್ಲಾಸಿನ ಒಬ್ಬಳು ಹತ್ತಿದಳು. ನನ್ನ ಪಕ್ಕವೇ ಬಂದು ನಿಂತು, ಕವರನ್ನು ಬೆರಳಿನಿಂದ ಮುಟ್ಟಿ ಕೇಳಿದಳು:

"ಇದು ಯಾರ ಹಾಲ್ ಟಿಕೆಟ್ಟು? ಎಸ್ಸೆಲ್ಸಿದಾ?"

ಕವರಿನ ಒಳಗೆ ಅಮ್ಮನ ಫೋಟೋ ಕಾಣುತ್ತಿತ್ತು. ನಾನು ಅದರ ಮೇಲೆ ಹೆಬ್ಬೆರಳು ಇಟ್ಟೆ.

"ನಮ್ಮ ಸಂಬಂಧಿಕರದ್ದು. ಯಾರೋ ಒಬ್ಬರು ಫೇಲಾಗಿದ್ದಾರೆ, ಅವರಿಗೆ ಕೊಡ್ಲಿಕ್ಕೆ ಹೋಗುವುದು."

ನಾನು ಮೆಲ್ಲನೆಯೇ ಹೇಳಿದ್ದು. ಅಮ್ಮ ತಿರುಗಲಿಲ್ಲ. ಗೈಡಿನ ಒಂದು ಪುಟ ಮಗುಚಿದಳು. ಅವಳಿಗೆ ಕೇಳಿಸಲಿಲ್ಲ ಅಂದುಕೊಂಡೆ. ಹುಡುಗಿ ನಡುವೆ ಎಲ್ಲೋ ಇಳಿದುಹೋದಳು, ನಾವು ಮೂಡುಬಿದಿರೆಯಲ್ಲಿ ಇಳಿದೆವು. ಶಾಲೆಯ ಗೇಟಿನ ಹತ್ತಿರ ಜನ ಸೇರಿದ್ದರು, ಇನ್ನೂ ಮುಕ್ಕಾಲು ಗಂಟೆ ಇತ್ತು. ಅಲ್ಲಿಯೇ ಒಂದು ಅಂಗಡಿಯ ಜಗಲಿ ನೋಡಿ, ನಾನು ಇಲ್ಲಿ ಕೂತು ಕಾಯುತ್ತೇನೆ ಅಂದೆ. ಅಮ್ಮ ಕೈ ಚಾಚಿ ಕವರು ತೆಗೆದುಕೊಂಡಳು. ಫೋಟೋದ ಮೇಲೆ ನನ್ನ ಬೆವರಿನ ಬೆರಳಚ್ಚು ಕೂತಿತ್ತು, ಅದನ್ನು ಸೆರಗಿನಿಂದ ಒರೆಸಿದಳು.

"ಬೇಡ. ಸಂಬಂಧಿಕರ ಪರೀಕ್ಷೆಗೆ ಯಾರೂ ಅಷ್ಟು ಹೊತ್ತು ಕಾಯುವುದಿಲ್ಲ. ನೀನು ಮನೆಗೆ ಹೋಗು."